ದೊಡ್ಡಮಾದಪ್ಪನವರ ಮುಖ ನೀಲಿಗೆ ತಿರುಗಿದ್ದು

ಮಾಂಬಳ್ಳಿಯ ದೊಡ್ಡಮಾದಪ್ಪನವರು ಶಿವೈಕ್ಯರಾದರೆಂಬ ಸುದ್ದಿ ಕೊಳ್ಳೇಗಾಲಕ್ಕೆ ಮುಟ್ಟಿದ್ದು ಸೋಮವಾರ ಬೆಳಗ್ಗೆ ಎಂಟೂವರೆಗೆ. ಮುಟ್ಟಿದ ಗಳಿಗೆಯಲ್ಲಿ ಅವರ ಸೋದರಳಿಯ ನಟರಾಜು ತನ್ನ ಫ್ಲೆಕ್ಸ್ ಅಂಗಡಿಯ ಪರದೆಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಕಂಪನಿಯ ಖಾಲಿ ಬಾಟಲಿಗೆ ಕಂಪನಿಯದಲ್ಲದ ಇಂಕನ್ನು ಆಲಿಕೆಯಲ್ಲಿ ಹುಯ್ಯುತ್ತಿದ್ದನು.

ಅವನ ಹೆಂಡತಿ ಕವಿತ ಫೋನು ಹಿಡಿದುಕೊಂಡೇ ಪರದೆ ಸರಿಸಿ, "ರೀ, ಮಾಂಬಳ್ಳಿ ಮಾವ ಓಗ್ಬುಟ್ರಂತೆ ಕಣ್ರಿ. ಮುಖ ತೊಳ್ಕಂಡು, ಈಬೂತಿ ಇಟ್ಕಂಡು, ಜಗಲಿ ಮ್ಯಾಲೆ ಕುಂತವ್ರು ಕುಂತಂಗೇ..." ಎಂದಳು.

ಇಂಕು ಬಾಟಲಿಯನ್ನು ಬಿಟ್ಟು ನಟರಾಜುವಿನ ಪಾದದ ಮೇಲೆ ಸುರಿಯಿತು. ಸಾಕಿದ ಸೋದರಮಾವ ಸತ್ತರೆ ಅಳಿಯನಾದವನಿಗೆ ಮೊದಲು ದುಃಖ ಬರಬೇಕು. ನಟರಾಜುವಿಗೆ ಮೊದಲು ಬಂದದ್ದು ಹೆದರಿಕೆ. ದುಃಖವು ಅದರ ಹಿಂದೆ ಎಲ್ಲೋ ಬಸ್ಸು ಸಿಕ್ಕದೆ ನಿಂತಿತ್ತು.

"ಕವಿತ," ಎಂದನು ಅವನು, ನೀಲಿ ಪಾದವನ್ನೇ ನೋಡುತ್ತ. "ಮಾವನ್ನ ನಾನೇ ಕೊಂದ್ಬುಟ್ನಲ್ಲೇ."

ಈ ಮಾತು ಕೇಳಿ ಓದುಗರು ಗಾಬರಿಯಾಗಬಾರದು. ನಟರಾಜು ಇರುವೆ ಸಾಲು ಕಂಡರೆ ದಾಟಿ ನಡೆಯುವ ಮನುಷ್ಯ. ಆದರೆ ಅವನು ಮಾಡಿದ್ದ ಕೆಲಸ ಸಣ್ಣದಲ್ಲ.

ದೊಡ್ಡಮಾದಪ್ಪನವರು ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕಬ್ಬಿನ ಗಾಡಿ ತೂಗಿದವರು. ತೂಕದ ಹಲಗೆಯ ಮೇಲೆ ಟ್ರ್ಯಾಕ್ಟರು ನಿಂತಾಗ ಡ್ರೈವರು ಕೆಳಗಿಳಿಯದೆ ಅವರು ತೂಗುತ್ತಿರಲಿಲ್ಲ. ಇಳಿದವನ ಚಪ್ಪಲಿ ಗಾಡಿಯಲ್ಲೇ ಉಳಿದಿದ್ದರೆ ಅದನ್ನೂ ಇಳಿಸುವಂತೆ ಹೇಳುತ್ತಿದ್ದರು. ತಂದೆಯಿಲ್ಲದ ನಟರಾಜುವನ್ನು ಸಾಕಿ, ಕೈಗೆ ಬ್ರಷ್ಷು ಕೊಟ್ಟು, ಬೋರ್ಡು ಬರೆಯುವುದಕ್ಕೆ ಹಚ್ಚಿದವರೂ ಅವರೇ. ಬ್ರಷ್ಷಿನ ಕಾಲ ಮುಗಿದು ನಟರಾಜು ಆರಡಿ ಅಗಲ ಪ್ರಿಂಟು ತೆಗೆಯುವ ಮಿಷನ್ನು ಇಟ್ಟ ಮೇಲೆ, ಕೊಳ್ಳೇಗಾಲಕ್ಕೆ ಬಂದಾಗಲೆಲ್ಲ ಅವರು ಆ ಮಿಷನ್ನಿನ ಮುಂದೆ ಸ್ಟೂಲು ಹಾಕಿಸಿಕೊಂಡು ಕೂತು, ಅದು ಬಣ್ಣ ಉಗುಳುವುದನ್ನು ಪೂಜೆ ನೋಡುವಂತೆ ನೋಡುವರು.

ಮಿಷನ್ನಿಗೆ ನೀಲಿ, ಕೆಂಪು, ಹಳದಿ, ಕಪ್ಪು ಎಂದು ನಾಲ್ಕು ಇಂಕು. ಮಿಷನ್ನು ಮಾಡಿದ ಕಂಪನಿಯೇ ಕೊಡುವುದು ಒರಿಜಿನಲ್. ಬೇರೆಯವರು ಮಾಡಿ, ಅದೇ ಮಿಷನ್ನಿಗೆ ಒಗ್ಗುತ್ತದೆಂದು ಮಾರುವುದು ಹೊರಗಿನ ಇಂಕು. ಮೈಸೂರಿನಿಂದ ರಿಪೇರಿಗೆ ಬರುವ ಮೆಕ್ಯಾನಿಕ್ಕು ಒಮ್ಮೆ ಹೇಳಿದ್ದನು: "ಹೊರಗಿನ ಇಂಕಲ್ಲೂ ಒಳ್ಳೇದಿದೆ ಸಾರ್. ಹೆಸರು ವಿಳಾಸ ಇರೋರ ಹತ್ರ ತಗೊಳ್ಳಿ, ಗಿರಾಕಿಗೆ ಹೇಳಿ ಹಾಕಿ, ಬಿಸಿಲಿಗೆ ಕಟ್ಟೋ ಫ್ಲೆಕ್ಸಾದ್ರೆ ಮೊದಲು ಪರೀಕ್ಷೆ ಮಾಡ್ಕೊಳ್ಳಿ." ಈ ಉಪದೇಶದಲ್ಲಿ ನಟರಾಜುವಿನ ಕಿವಿಗೆ ಬಿದ್ದದ್ದು ಮೊದಲ ವಾಕ್ಯ ಮಾತ್ರ. ಮರುವಾರವೇ ಸತ್ಯಮಂಗಲದ ಕಡೆಯ ತಮಿಳು ಮಾತಿನವನೊಬ್ಬನು ಲೇಬಲ್ಲಿಲ್ಲದ ಬಿಳಿ ಕ್ಯಾನು ಹೊತ್ತು ಬಂದನು. "ಅದೇ ಫ್ಯಾಕ್ಟ್ರಿ ಅಣ್ಣಾ, ಅದೇ ಪೈಪು! ಅಂದ ಕಡೆ ತಿರುಗಿಸಿದ್ರೆ ಕಂಪನಿ ಬಾಟ್ಲಿ, ಇಂದ ಕಡೆ ತಿರುಗಿಸಿದ್ರೆ ನಮ್ಮ ಕ್ಯಾನು. ಲೇಬಲ್ ಒಂದೇ ಇಲ್ಲೆ" ಎಂದನು. ನಟರಾಜು ನಂಬಿದನು. ಅದು ಗಟ್ಟಿಯಾಗಿದೆಯೆಂದು ತಾನೂ ಒಂದಿಷ್ಟು ಥಿನ್ನರು ಬೆರೆಸಿದನು. ಬೆರೆಸಿದ ದಿನವೇ ಅಂಗಡಿಯ ಮೇಲೆ ಹತ್ತಡಿಯ ಬೋರ್ಡು ಏರಿತು: "ಇಲ್ಲಿ ಕಂಪನಿಯ ಅಪ್ಪಟ ಒರಿಜಿನಲ್ ಇಂಕ್ ಮಾತ್ರ". ನಿಜವಾಗಿ ಒರಿಜಿನಲ್ ಹಾಕುತ್ತಿದ್ದ ಆರು ವರ್ಷ ಅವನಿಗೆ ಇಂಥ ಬೋರ್ಡು ಬೇಕೆನಿಸಿರಲೇ ಇಲ್ಲ.

ಸಾಯುವುದಕ್ಕೆ ಎಂಟು ದಿನ ಮುಂಚೆ ದೊಡ್ಡಮಾದಪ್ಪನವರು ಅಂಗಡಿಗೆ ಬಂದು, ಬೋರ್ಡನ್ನು ಎರಡು ಸಲ ಓದಿ, ಒಳಗೆ ತೆರೆದಿಟ್ಟಿದ್ದ ನೀಲಿ ಬಾಟಲಿಗೆ ಬಲಗೈಯ ತೋರುಬೆರಳನ್ನು ಅದ್ದಿ ಮೂಸಿ ನೋಡಿದರು.

"ಲೇ ನಟ್ರಾಜ, ಇದು ಅಸಲೇನ್ಲಾ?"

"ಅಸಲೇ ಮಾವ."

"ದಿಟವಾಗ್ಲೂ?"

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ನಟರಾಜುವಿಗೆ ಎಲ್ಲಿಂದ ಬುದ್ಧಿಗೇಡು ಬಂತೋ, ಆ ನರೆತ ತಲೆಯ ಮೇಲೆ ಬಲಗೈ ಇಟ್ಟುಬಿಟ್ಟನು. "ನಿಮ್ ತಲೆ ಮುಟ್ಟಿ ಏಳ್ತೀನಿ ಮಾವ. ಅಸ್ಲು!"

ಮಾವ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಬೆರಳನ್ನು ವಸ್ತ್ರಕ್ಕೆ ಒರೆಸಿಕೊಂಡು, ಯಳಂದೂರು ಬಸ್ಸು ಹತ್ತಿದರು. ಎಂಟನೆಯ ದಿನ ಹೊರಟೇಹೋದರು.

ತಲೆ ಮುಟ್ಟಿ ಸುಳ್ಳಾಣೆ ಮಾಡಿದರೆ ಮುಟ್ಟಿಸಿಕೊಂಡವರ ಜೀವಕ್ಕೆ ಕುತ್ತು ಎಂಬ ಕಾಯಿದೆ ಯಾವ ಕೋರ್ಟಿನಲ್ಲೂ ಇಲ್ಲ. ಯಳಂದೂರಿನಿಂದ ಹನೂರಿನವರೆಗೆ ಅದನ್ನು ಅರಿಯದ ಮನೆಯೂ ಇಲ್ಲ.

ಅಂತ್ಯಕ್ರಿಯೆಗೆಂದು ಕೂರಿಸಿದ್ದ ಮಾವನ ಕಾಲಿಗೆ ಬೀಳುವಾಗ ನಟರಾಜುವಿನ ಕಣ್ಣಿಗೆ ಬಿದ್ದದ್ದು ಅವರ ಬಲಗೈ. ತೋರುಬೆರಳಿನ ಉಗುರು ಇನ್ನೂ ನೀಲಿಯಾಗಿತ್ತು. ಅವನು ಎದ್ದು ನಾಲ್ಕು ಹೆಜ್ಜೆ ಹಿಂದಕ್ಕೇ ನಡೆದನು. ಆ ಉಗುರನ್ನು ಇನ್ನೊಬ್ಬರೂ ಕಂಡರು. ಅವರು ಮಾವನ ತಮ್ಮ, ಹನೂರಿನ ವೃಷಭೇಂದ್ರಪ್ಪನವರು. ತಾಲ್ಲೂಕು ಕಚೇರಿಯ ರೆಕಾರ್ಡು ಕೋಣೆ ಕಾದು ನಿವೃತ್ತರಾದವರು. ಲೋಕದಲ್ಲಿ ಅರ್ಜಿಯಿಲ್ಲದೆ ಏನೂ ನಡೆಯಬಾರದೆಂಬ ಮತದವರು. ಅವರು ಆಗಲೇ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಏನನ್ನೋ ಗುರುತು ಹಾಕಿಕೊಂಡರು.

"ಬಾವ, ಫ್ಲೆಕ್ಸು ನೀನೇ ಮಾಡ್ಬೇಕು," ಎಂದು ಮಾವನ ಮಗ ನಿಂಗರಾಜು ಕಣ್ಣೊರೆಸಿಕೊಂಡನು. "ಅಪ್ಪಯ್ಯನ ಮುಖ ಊರ್ಗೆಲ್ಲ ಕಾಣಂಗಿರ್ಬೇಕು."

ಅದೇ ದಿನ ಫ್ಲೆಕ್ಸು ಆಗಬೇಕು. ಮಿಷನ್ನಿನಲ್ಲಿ ಇದ್ದದ್ದು ಕ್ಯಾನಿನ ಇಂಕು. ಎಂಟಡಿಗೆ ಆರಡಿ, ಹಣೆಯಲ್ಲಿ ವಿಭೂತಿ, ಹೆಗಲಿಗೆ ಕೆಂಪು ಶಾಲು, ಕೆಳಗೆ ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಆಹ್ವಾನ. ಮಾಂಬಳ್ಳಿಯ ಬಸ್ ಸ್ಟಾಪಿನ ಎದುರು, ನೆರಳೆಂಬುದು ಸುಳಿಯದ ಕಡೆ, ಅದನ್ನು ಎತ್ತಿ ನಿಲ್ಲಿಸಿದರು. ನಿಂಗರಾಜುವಿನ ಹೆಂಡತಿ ಶಿವರತ್ನಮ್ಮ ದಿನವೂ ಬೆಳಗ್ಗೆ ದಪ್ಪನೆಯ ಚೆಂಡುಹೂವಿನ ಹಾರ ಕಟ್ಟಿ ತಂದು, ಹಳೆಯದನ್ನು ತೆಗೆದು, ಅದೇ ಎರಡು ಮೊಳೆಗೆ ಅದನ್ನು ಹಾಕಿ, ಕೈಮುಗಿದು ಹೋಗುವಳು. ಸಾಯುವ ದಿನದವರೆಗೂ ಮಾವನಿಗೆ ಮುದ್ದೆ ಮುರಿದು ಕೊಟ್ಟವಳು ಅವಳೇ.

ಚೈತ್ರದ ಬಿಸಿಲು. ಐದನೆಯ ದಿನಕ್ಕೆ ಶಾಲಿನ ಕೆಂಪು ಹೋಗಿ ದೊಡ್ಡಮಾದಪ್ಪನವರ ಮುಖ ಹಸುರಾಯಿತು. ಎಂಟನೆಯ ದಿನಕ್ಕೆ ಹಳದಿಯೂ ಹೋಗಿ ನೀಲಿಯಾಯಿತು.

ಇದನ್ನು ಮೊದಲು ಕಂಡವಳು ಬಸ್ ಸ್ಟಾಪಿನ ಪಕ್ಕದ ಮನೆಯ ರಾಚಮ್ಮ. ಅವಳು ಕಂಡದ್ದನ್ನು ಊರು ಕಾಣದೆ ಇರುವುದಿಲ್ಲ.

"ಮೊದ್ಲು ಅಸ್ರು, ಆಮೇಲೆ ನೀಲಿ! ಇದು ಕೈಮದ್ದೇ ಕಣ್ರವ್ವ," ಎಂದು ಅವಳು ನಲ್ಲಿಯ ಹತ್ತಿರ ಸಾರಿದಳು. "ಅನ್ನದಲ್ಲಿ ಮದ್ದಿಕ್ಕಿದ್ರೆ ಇಂಗೇ ಏರೋದು. ಮಣ್ಣಲ್ಲಿ ಕುಂತಿರೋ ಮೈ ಎಂಗದೋ ಅಂಗೇ ತೋರಿಸ್ತಾ ಅದೆ ಆ ಪಟ. ಪಾಪ, ಬಾಯಿಲ್ವಲ್ಲ, ಮುಖದಲ್ಲಿ ಏಳ್ತಾವ್ರೆ."

"ಯಾರು ಇಕ್ಕಿರ್ಬೋದು?"

"ನನ್ ಬಾಯಲ್ಲಿ ಯಾಕವ್ವ ಏಳಿಸ್ತೀರಿ? ಕೊನೇಗಂಟ ಯಾರ ಕೈಲಿ ಉಂಡ್ರು, ನೀವೇ ಏಳಿ."

ಮಧ್ಯಾಹ್ನದ ಹೊತ್ತಿಗೆ ಶಿವರತ್ನಮ್ಮ ಕೊಟ್ಟ ನೀರನ್ನು ಬಂಧುಗಳು ಕೈಗೆ ತೆಗೆದುಕೊಂಡು, ಅವಳು ಆಚೆ ತಿರುಗಿದಾಗ ತುಳಸಿ ಗಿಡಕ್ಕೆ ಹುಯ್ಯತೊಡಗಿದರು. ಕಾಫಿಯೂ ಅಲ್ಲಿಗೇ ಹೋಯಿತು. ಮಾವನ ಹೆಂಡತಿ ಕೆಂಪಾಜಮ್ಮನವರ ಎದೆ ಗಟ್ಟಿಯಿಲ್ಲವೆಂದು ಅವರ ಕಿವಿಗೆ ಮಾತ್ರ ಯಾರೂ ಏನನ್ನೂ ಹಾಕಲಿಲ್ಲ. ಅವರು ನಡುಮನೆಯ ಮೂಲೆಯಲ್ಲಿ ಮುಸುಕು ಹಾಕಿಕೊಂಡು ಕೂತೇ ಇದ್ದರು.

ನಿಂಗರಾಜು ಫೋನು ಮಾಡಿದನು. "ಬಾವ, ಅಪ್ಪಯ್ಯನ ಮುಖ ನೀಲಿಗಾಗದೆ."

"ಎಷ್ಟು ನೀಲಿ?" ಎಂದನು ನಟರಾಜು.

"ಮೈಲುತುತ್ತ ಇದ್ದಂಗೆ. ಚಿಕ್ಕಪ್ಪ ಪುಸ್ತಕ ತಗುದ್ರು. ಸಾಯ್ವಾಗ್ಲೇ ಉಗುರು ನೀಲಿ ಇತ್ತಂತೆ, ಬರ್ಕಂಡವ್ರಂತೆ. ನಾಳೆ ಮಧ್ಯಾನದ ಬಸ್ಸಿಗೆ ಯಳಂದೂರ್ಗೋಗಿ ಅರ್ಜಿ ಕೊಡ್ತಾರಂತೆ. ಅಪ್ಪಯ್ಯನ ಸಮಾಧಿ ತಗುಸ್ಬೇಕಂತೆ ಬಾವ. ಶಿವ್ರತ್ನನೇ ಮದ್ದಿಕ್ಕಿದ್ಲು ಅಂತಾವ್ರೆ, ಅವ್ಳು ಬೆಳಗ್ಗಿಂದ ಒಂದ್ ತುತ್ತೂ ಉಂಡಿಲ್ಲ."

ನಟರಾಜು ಫೋನಿಟ್ಟು ಮಿಷನ್ನಿಗೆ ಒರಗಿದನು. ಸಮಾಧಿಯಿಂದ ಎದ್ದ ಮಾವನವರು ತೋರುಬೆರಳು ನೀಡಿ ನೇರವಾಗಿ ತನ್ನ ಕಡೆಗೇ ತೋರಿಸುವ ಚಿತ್ರವು ಅವನ ಕಣ್ಣ ಮುಂದೆ ಆರಡಿ ಅಗಲವಾಗಿ ನಿಂತಿತು.

"ಓಗಿ ನಿಜ ಏಳ್ಬುಡಿ," ಎಂದಳು ಕವಿತ.

"ಏನಂತ ಏಳ್ಲೇ? ಇಂಕು ನಕಲಿ ಅಂದ್ರೆ ಆಣೆ ಸುಳ್ಳಾಯ್ತದೆ. ಆಣೆ ಸುಳ್ಳಾದ್ರೆ ಮಾವನ್ನ ಕೊಂದೋನು ನಾನಾಯ್ತೀನಿ."

"ಏಳ್ದೆ ಇದ್ರೆ ಆ ಎಣ್ಣೇ ಕೊಂದಂಗಾಯ್ತದಲ್ರೀ!"

ನಿಜ ಹೇಳಲಾಗದಿದ್ದಾಗ ನಟರಾಜು ಉಪಾಯ ಮಾಡುವ ಸ್ವಭಾವದವನು. ಆಗಲೇ ಮೈಸೂರು ಬಸ್ಸು ಹತ್ತಿ, ಅಂಗಡಿ ಮುಚ್ಚುವುದರೊಳಗೆ ನಾಲ್ಕು ಬಾಟಲಿ ಅಪ್ಪಟ ಕಂಪನಿ ಇಂಕು ತಂದನು. ಬೆಳಗ್ಗೆ ಮಿಷನ್ನಿನ ಕೊಳವೆಗಳನ್ನೆಲ್ಲ ತೊಳೆದು, ಅದೇ ಅಳತೆಯ ಹೊಸ ಫ್ಲೆಕ್ಸು ಹೊಡೆದನು. ಮಾವ ಜೀವಂತ ಬಂದು ಕೂತಂತೆ ಬಂತು. ಅದನ್ನು ನೋಡಲಾರದೆ ಬೇಗ ಬೇಗ ಸುರುಳಿ ಸುತ್ತಿದನು. ಊರೆಲ್ಲ ಉಂಡು ಅಡ್ಡಾಗುವ ಉರಿಬಿಸಿಲಿನಲ್ಲಿ ಹಳೆಯದನ್ನು ಕಿತ್ತು ಹೊಸದನ್ನು ಕಟ್ಟಿಬಿಟ್ಟರೆ ಮುಖದ ನೀಲಿ ತಾನಾಗಿಯೇ ಇಳಿದಂತಾಗುತ್ತದೆ. ಊರು ಬೇಕಾದರೆ ಅದನ್ನು ಮಹದೇಶ್ವರನ ಮಹಿಮೆ ಎಂದುಕೊಳ್ಳಲಿ. ಹೀಗೆ ದೇವರ ತಲೆಗೂ ಒಂದು ಸುಳ್ಳನ್ನು ಕಟ್ಟಲು ಹೊರಟ ಆ ಮನುಷ್ಯನು ಒಂಬತ್ತನೆಯ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಮಾಂಬಳ್ಳಿಯಲ್ಲಿಳಿದು, ಏಣಿ ಒರಗಿಸಿ ಹತ್ತಿದನು.

ಎರಡು ಗಂಟು ಬಿಚ್ಚಿತು. ಮೂರನೆಯದಕ್ಕೆ ಕೈಹಾಕಿದಾಗ ಅವನ ಮೂಗೂ ಮಾವನ ಮೂಗೂ ಎದುರುಬದುರಾದವು. ಆ ನೀಲಿ ಕಣ್ಣು ಅವನನ್ನು ನೋಡಿತು. ನಟರಾಜುವಿನ ಮೊಣಕಾಲು ಏಣಿಯೊಂದಿಗೆ ಲಟಲಟ ಹೊಡೆದುಕೊಂಡಿತು. "ಮಾವ, ಒಂದ್ ಗಳಿಗೆ... ಆ ಕಡೆ ನೋಡಿ ಮಾವ," ಎಂದು ಬೇಡಿಕೊಂಡನು.

ಆ ಲಟಲಟ ಸದ್ದು ರಾಚಮ್ಮನ ನಿದ್ದೆ ಕೆಡಿಸಲು ಸಾಕಾಯಿತು.

"ಅಯ್ಯಯ್ಯೋ! ಬನ್ರಪ್ಪೋ! ಸಾಕ್ಸಿ ಕೀಳ್ತಾವ್ನೆ! ಸತ್ತವ್ರ ಕುಟೆ ಮಾತಾಡ್ಕಂಡು ಸಾಕ್ಸಿ ಕೀಳ್ತಾವ್ನೆ!"

ಉಂಡ ಕೈ ತೊಳೆಯದೆ ಜನ ಬಂದರು. ವೃಷಭೇಂದ್ರಪ್ಪನವರು ಒಂದು ಕೈಯಲ್ಲಿ ಮಡಿಸಿದ ಅರ್ಜಿ, ಇನ್ನೊಂದರಲ್ಲಿ ಬಸ್ಸಿಗೆಂದು ಹಿಡಿದ ಕೊಡೆ, ಹೀಗೆ ಬಂದು ಏಣಿಯ ಬುಡದಲ್ಲಿ ನಿಂತರು.

"ಇಳೀಬೇಡ! ಅಲ್ಲೇ ಇರು. ಎಲ್ಲಿ ಸಿಕ್ಕಿದ್ದು ಅಂತ ಬರೀಬೇಕು. ಕಂಕುಳಲ್ಲೇನು?"

"ಒಸಾ ಫ್ಲೆಕ್ಸು, ಚಿಕ್ಕಮಾವ."

"ಒಸದ್ಯಾಕೆ? ಅಳೇದ್ರಲ್ಲಿ ಏನಿತ್ತು ಮುಚ್ಚಾಕಕ್ಕೆ? ಕೆಳೀಕ್ಕೆ ಬುಡು, ಅದು ಮಾಲು." ಹೊಸ ಫ್ಲೆಕ್ಸನ್ನು ವಶಪಡಿಸಿಕೊಂಡು ಕಂಕುಳಿಗೆ ಸಿಕ್ಕಿಸಿಕೊಂಡರು. "ನೀನೂ ಇದ್ರೊಳಗೆ ಸೇರ್ಕಂಡಿದ್ದೀಯೇನ್ಲಾ?"

ಅಷ್ಟರಲ್ಲಿ ಜನ ತಾವಾಗಿಯೇ ಎರಡು ಹೋಳಾಗಿ ದಾರಿ ಬಿಟ್ಟರು. ಶಿವರತ್ನಮ್ಮ ಬಂದಳು. ಒಂಬತ್ತು ದಿನಕ್ಕೆ ಒಂಬತ್ತು ವರ್ಷ ಹೆಚ್ಚು ವಯಸ್ಸಾದಂತಿದ್ದಳು. ಅವಳು ಯಾರನ್ನೂ ನೋಡದೆ ಏಣಿಯ ಮೇಲಿದ್ದವನನ್ನು ಮಾತ್ರ ನೋಡಿದಳು.

"ಅಣ್ಣ, ನೀನೂ ನನ್ ಮ್ಯಾಲೆ ಅನ್ಮಾನ ಪಟ್ಟೇ ಬಂದ್ಯಾ?"

ಪೊಲೀಸರು ಬರಲಿ, ದೆವ್ವ ಬರಲಿ, ಈ ಪ್ರಶ್ನೆಗಿಂತ ಹೆಚ್ಚಾಗಿ ಅವನನ್ನು ಹೆದರಿಸುವುದು ಸಾಧ್ಯವಿರಲಿಲ್ಲ. ನಟರಾಜು ಕಣ್ಣು ಮುಚ್ಚಿಕೊಂಡು ಏಣಿಯ ಮೇಲಿಂದಲೇ ಕೂಗಿದನು:

"ಇಲ್ಲ ಕಣವ್ವಾ! ಮದ್ದೂ ಇಲ್ಲ ಗಿದ್ದೂ ಇಲ್ಲ! ಇಂಕು ನಕಲಿ! ಬಿಸ್ಲಿಗೆ ಕೆಂಪೂ ಅಳದಿನೂ ಆರೋಗಿ ನೀಲಿ ಉಳ್ಕಂಡದೆ. ಉಗುರ್ನಲ್ಲಿದ್ದುದ್ದೂ ಅದೇ ಇಂಕೇ. ಅಂಗಡೀಲಿ ಬೆಳ್ಳು ಅದ್ದಿದ್ರು. ನಾನು ಮಾವನ ತಲೆ ಮುಟ್ಟಿ ಅಸಲು ಅಂತ ಸುಳ್ಳಾಣೆ ಆಕ್ದೆ. ಅದಕ್ಕೇ ಮಾವ ಓದ್ರು. ಕೊಂದೋನು ನಾನು. ನನ್ನ ಇಡ್ಕಂಡೋಗಿ!"

ವೃಷಭೇಂದ್ರಪ್ಪನವರು ತಲೆಯಲ್ಲಾಡಿಸಿದರು.

"ನಂಬಂಗಿಲ್ಲ."

"ಯಾಕ್ ಚಿಕ್ಕಮಾವ?" ಎಂದು ನಟರಾಜು ದಿಗ್ಭ್ರಾಂತನಾದನು.

"ನಿನ್ನಂಗಡಿ ಮ್ಯಾಲೆ ಅಪ್ಪಟ ಒರಿಜಿನಲ್ ಅಂತ ಹತ್ತಡಿ ಬೋರ್ಡದೆ. ನಾನೇ ಓದಿವ್ನಿ. ಬರ್ದಿದ್ದೇ ಒಂದು, ಬಾಯಲ್ಲೇಳೋದೇ ಒಂದಾದ್ರೆ, ಬರ್ದಿದ್ದೇ ದಾಖಲೆ. ಅದ್ರ ಮ್ಯಾಲೆ ತಲೆ ಮುಟ್ಟಿ ಆಣೆ ಬ್ಯಾರೆ ಆಕಿದ್ದೀಯ. ಎಂಥ ಕಟುಕನಾದ್ರೂ ಸೋದರ್ಮಾವನ ತಲೆ ಮುಟ್ಟಿ ಸುಳ್ಳೇಳ್ತಾನೇನ್ಲಾ? ಈ ಎಣ್ಣು ಉಳಿಸಕ್ಕೆ ಈಗ ಸುಳ್ಳೇಳ್ತಾ ಇದ್ದೀಯ."

ಜನ ಹೌದೆಂದು ತಲೆದೂಗಿದರು. ತನ್ನ ಜೀವಮಾನದಲ್ಲಿ ಆಡಿದ ಸುಳ್ಳುಗಳನ್ನೆಲ್ಲ ಲೋಕವು ಇಷ್ಟು ಗಟ್ಟಿಯಾಗಿ ನಂಬಿಕೊಂಡಿರುವುದನ್ನು ಕಂಡು ನಟರಾಜು ಏಣಿಯನ್ನು ತಬ್ಬಿಕೊಂಡನು.

"ಮೊದ್ಲು ಆ ಆರ ತಗಿ," ಎಂದರು ವೃಷಭೇಂದ್ರಪ್ಪನವರು. "ಈವಮ್ಮ ಕಟ್ಟಿದ ಆರ ನಮ್ಮಣ್ಣನ ಕೊಳ್ಳಲ್ಲಿ ಇರಕೂಡ್ದು."

ಶಿವರತ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಟರಾಜು ಎರಡು ಮೊಳೆಯಿಂದ ಹಾರ ಬಿಡಿಸಿದನು. ಬಿಡಿಸಿದವನು ಒಂದು ಸಲ ಹಾ ಎಂದನು.

ನೀಲಿ ಕೊರಳಿನ ಸುತ್ತ, ನೀಲಿ ಎದೆಯವರೆಗೆ, ಒಂದು ದಪ್ಪನೆಯ ಕೆಂಗಂದು ಗುರುತು ಇಳಿಬಿದ್ದಿತ್ತು.

"ಅಗ್ಗ!" ಎಂದು ರಾಚಮ್ಮ ಕಿರುಚಿದಳು. "ಮದ್ದಿಕ್ಕಿ ಸಾಲ್ದು ಅಂತ ಅಗ್ಗ ಬಿಗಿದವ್ರೆ ಕಣ್ರಪ್ಪೋ!"

ವೃಷಭೇಂದ್ರಪ್ಪನವರು ಅರ್ಜಿಯನ್ನು ಬಿಡಿಸಿ ಮೊಣಕಾಲ ಮೇಲಿಟ್ಟುಕೊಂಡು, 'ವಿಷಪ್ರಾಶನ' ಎಂಬುದರ ಮುಂದೆ 'ಹಾಗೂ ನೇಣು' ಎಂದು ಸೇರಿಸತೊಡಗಿದರು. ಹೆಂಗಸರು ಮಕ್ಕಳ ಕಣ್ಣು ಮುಚ್ಚಿದರು. ನಿಂಗರಾಜು ಕುಸಿದು ಕೂತನು.

"ಅಗ್ಗಕ್ಕೆ ಎಸ್ಳು ಇರ್ತವೇನೇ ರಾಚಿ?"

ಎಲ್ಲರೂ ತಿರುಗಿದರು. ಕೆಂಪಾಜಮ್ಮನವರು ಕೋಲೂರಿಕೊಂಡು ಬಂದು ನಿಂತಿದ್ದರು. ಎದೆ ಗಟ್ಟಿಯಿಲ್ಲದ ಆಕೆಯೊಬ್ಬರ ಧ್ವನಿಯೇ ಆ ಬಿಸಿಲಿನಲ್ಲಿ ಗಟ್ಟಿಯಾಗಿತ್ತು.

"ಕಣ್ಬುಟ್ಟು ನೋಡು. ಅಂಚೆಲ್ಲ ಚೆಂಡುಹೂವಿನ ಎಸ್ಳು ಎಸ್ಳಾಗಿ ಮೂಡದೆ. ಕೊಳ್ಳತ್ರ ಅವರ ಮೈ ಬಣ್ಣ ಅಂಗೇ ಅದೆ. ಎಗಲತ್ರ ಶಾಲಿನ ಕೆಂಪೂ ಅಂಗೇ ಅದೆ. ನನ್ ಸೊಸೆ ಆರ ಎಲ್ಲಿ ಮುಚ್ಚಿತ್ತೋ ಅಲ್ಲಿ ಬಿಸ್ಲು ಬಿದ್ದಿಲ್ಲ, ಬಣ್ಣ ಓಗಿಲ್ಲ. ಸೀರೆ ಒಣಗಾಕಿದ್ರೆ ಮಡಿಕೆ ಒಳಗೂ ಇಂಗೇ ಉಳ್ಕತದೆ. ನೀವು ಯಾರೂ ಬಟ್ಟೆ ಒಗೆದೋರಲ್ವಾ?"

ಒಗೆದವರೆಲ್ಲ ನೋಡಿದರು. ನೋಡಿದವರೆಲ್ಲ ನೆಲ ನೋಡಿದರು. ರಾಚಮ್ಮನಿಗೆ ಒಲೆಯ ಮೇಲೆ ಏನೋ ಇಟ್ಟು ಬಂದದ್ದು ನೆನಪಾಯಿತು.

"ಅತ್ಗೆ, ಉಗುರು..." ಎಂದರು ವೃಷಭೇಂದ್ರಪ್ಪನವರು, ಅರ್ಧ ಬರೆದ ಅರ್ಜಿಯೊಂದಿಗೆ.

"ಉಗುರಿನ ಇಸ್ಯ ನನ್ ಕೇಳೋದು ಬುಟ್ಟು ಪುಸ್ತಕ್ದಲ್ಲಿ ಬರ್ಕಂಡ್ರೆ ಎಂಗಪ್ಪ? ಒಂಬತ್ತು ದಿನದಿಂದ ಒಬ್ರಾದ್ರೂ ನನ್ ಕೇಳಿದ್ರಾ?" ಆಕೆ ಏಣಿಯ ಕಡೆಗೆ ಮುಖವೆತ್ತಿದರು. "ಅವತ್ತು ಕೊಳ್ಳೇಗಾಲ್ದಿಂದ ಬಂದವ್ರೇ ಬೆಳ್ಳು ತೋರ್ಸಿ, 'ಕೆಂಪಿ, ನಟ್ರಾಜ ನನ್ ತಲೆ ಮುಟ್ಟಿ ಸುಳ್ಳೇಳ್ಬುಟ್ಟ ಕಣೆ' ಅಂದ್ರು."

ಏಣಿ ಸದ್ದು ಮಾಡುವುದನ್ನೂ ನಿಲ್ಲಿಸಿತು.

"ಮಾವಂಗೆ ಗೊತ್ತಿತ್ತಾ ಅತ್ತೆ?"

"ಮೂವತ್ತೊಂದು ವರ್ಸ ತೂಗಿದ ಮನ್ಸ ಕಣ್ಲಾ. ನಿನ್ನ ತೂಗೋದು ಅಷ್ಟು ಕಷ್ಟವೇನ್ಲಾ? ನಾನು, 'ಅಯ್ಯೋ, ನಿಮ್ಗೇನಾದ್ರೂ ಆದ್ರೆ' ಅಂದೆ. ನಕ್ಕುಬುಟ್ರು. 'ಎಂಬತ್ತೆರಡಾಯ್ತು, ಆ ಆಣೆಗೆ ನಾನ್ಯಾಕೆ ಸಾಯ್ಲಿ? ಅವ್ನೇ ಎದರ್ಕಂಡು ಸಾಯ್ತಾನೆ ಪಾಪ. ಬಂದು ನಿಜ ಏಳ್ಕತಾನೆ. ಬರೋಗಂಟ ಈ ಬೆಳ್ಳು ತೊಳೆಯಾಕಿಲ್ಲ' ಅಂದ್ರು. ನಾನು ಸೀಗೆಪುಡಿ ಕೊಟ್ಟೆ, ಸೀಮೆಣ್ಣೆ ತಂದೆ. ಮುಟ್ನಿಲ್ಲ. ದಿನಾ ಜಗಲಿ ಮ್ಯಾಲೆ ಕುಂತು ಬಸ್ ನೋಡೋರು."

ನಟರಾಜು ಏಣಿಯಿಂದ ಇಳಿದನೋ ಬಿದ್ದನೋ ಯಾರೂ ಗಮನಿಸಲಿಲ್ಲ. ಬಸ್ಸು ಸಿಕ್ಕದೆ ಹಿಂದೆ ನಿಂತಿದ್ದ ದುಃಖವು ಒಂಬತ್ತು ದಿನಕ್ಕೆ ಅಲ್ಲಿಗೆ ಬಂದು ಇಳಿಯಿತು. ಬಾಡಿದ ಹಾರವನ್ನು ಎದೆಗೊತ್ತಿಕೊಂಡು, ಬಸ್ ಸ್ಟಾಪಿನ ಮಣ್ಣಿನಲ್ಲಿ ಕೂತು, ಐವತ್ತೆರಡು ವರ್ಷದ ಆ ಮನುಷ್ಯನು "ಮಾವಾ" ಎಂದು ಜೋರಾಗಿ ಅತ್ತನು.

ಯಳಂದೂರಿನ ಬಸ್ಸು ಬಂದು, ಒಂದು ಸಲ ಹಾರನ್ ಹೊಡೆದು, ಯಾರನ್ನೂ ಹತ್ತಿಸಿಕೊಳ್ಳದೆ ಹೊರಟುಹೋಯಿತು. ವೃಷಭೇಂದ್ರಪ್ಪನವರು ಅರ್ಜಿಯನ್ನು ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡರು. ಕೊಡೆಯನ್ನು ಒಮ್ಮೆ ಬಿಚ್ಚಿ ಮುಚ್ಚಿದರು. ಮುಖದಲ್ಲಿ ಬಣ್ಣವಿರಲಿಲ್ಲ.

"ಶಿವ್ರತ್ನ," ಎಂದರು. "ಬಾಯಾರದೆ ಕಣವ್ವ. ಒಂದ್ ಚೆಂಬು ನೀರು ಕೊಡು ತಾಯಿ."

ಅವಳು ತಂದ ಚೆಂಬನ್ನು ಅವರು ಜನರೆಲ್ಲ ನೋಡುವಂತೆ, ಒಂದು ಹನಿಯೂ ನೆಲಕ್ಕೆ ಬೀಳದಂತೆ, ಗಟಗಟನೆ ಕುಡಿದರು. ಹಿಂದೆ ನಿಂತಿದ್ದವರಿಗೂ ಆಗಲೇ ಬಾಯಾರಿತು. ಅವಳು ಮೂರು ಕೊಡ ನೀರು ಹೊತ್ತಳು. ಮೂರನೆಯ ಕೊಡದ ಹೊತ್ತಿಗೆ ರಾಚಮ್ಮನೂ ಒಲೆಯ ಕೆಲಸ ಮುಗಿಸಿ ಬಂದು ಲೋಟ ಚಾಚಿದಳು. ಶಿವರತ್ನಮ್ಮ ಅವಳಿಗೂ ಕೊಟ್ಟಳು. ಸ್ವಲ್ಪ ಕಡಿಮೆ ಕೊಟ್ಟಳೆಂದು ಹೇಳುವವರಿದ್ದಾರೆ.

ವಶವಾಗಿದ್ದ ಹೊಸ ಫ್ಲೆಕ್ಸು ಬಿಡುಗಡೆಯಾಗಿ ಮೇಲೇರಿತು. ಹಳೆಯದನ್ನು ನಟರಾಜು ಅಂಗಡಿಗೆ ಒಯ್ದು, ಮಿಷನ್ನಿನ ಎದುರು, ಮಾವ ಸ್ಟೂಲು ಹಾಕಿಸಿಕೊಂಡು ಕೂರುತ್ತಿದ್ದ ಕಡೆ ಕಟ್ಟಿದನು. ಬಿಳಿ ಕ್ಯಾನು ಹೊರಗೆ ಹೋಯಿತು. ಹತ್ತಡಿಯ ಬೋರ್ಡು ಕೆಳಗಿಳಿಯಿತು. ಅದರ ಜಾಗದಲ್ಲಿ ಅವನು ಬಹಳ ವರ್ಷದ ಮೇಲೆ ಬ್ರಷ್ಷು ಹಿಡಿದು, ಸಣ್ಣ ಹಲಗೆಯ ಮೇಲೆ ಕೈಯಿಂದ ಬರೆದನು: "ಕಂಪನಿ ಇಂಕೂ ಉಂಟು, ಹೊರಗಿನ ಒಳ್ಳೆಯ ಇಂಕೂ ಉಂಟು. ಯಾವುದೆಂದು ಹೇಳಿಯೇ ಹಾಕುತ್ತೇವೆ." ವ್ಯಾಪಾರ 'ಹೆಂಗದೆ' ಎಂದು ಕೇಳಿದವರಿಗೆ, ನಿದ್ದೆ ಬರುತ್ತಿದೆ ಎಂದು ಉತ್ತರ ಕೊಡುತ್ತಿದ್ದನು.

ಹನ್ನೊಂದನೆಯ ದಿನ, ಗಣಾರಾಧನೆಯ ಮೊದಲ ಎಡೆಯನ್ನು ಶಿವರತ್ನಮ್ಮನೇ ಬಡಿಸಿದಳು. ಊಟವಾದ ಮೇಲೆ ನಟರಾಜು ಒಬ್ಬನೇ ಸಮಾಧಿಯ ಹತ್ತಿರ ಹೋದನು. ಹಸಿ ಮಣ್ಣಿನ ಮೇಲೆ ಬಿಲ್ವಪತ್ರೆ ಇಟ್ಟು, ಒಂದು ಸಲ ಮುಟ್ಟಲೋ ಬೇಡವೋ ಎಂದು ಅಂಜಿ, ಕೊನೆಗೆ ಆ ಮಣ್ಣಿನ ಮೇಲೆ ಬಲಗೈ ಇಟ್ಟನು. ಏನೂ ಆಗಲಿಲ್ಲ. ಮಣ್ಣು ತಣ್ಣಗಿತ್ತು.

"ಮಾದೇವ," ಎಂದನು ಅವನು, "ಬರೋದು ತಡವಾಯ್ತು, ಆದ್ರೂ ಬಂದು ನಿಜ ಏಳಿದ್ದೀನಿ. ಇನ್ನು ನಮ್ ಮಾವ ಬಸ್ಸಿನ ದಾರಿ ಕಾಯೋದು ಬ್ಯಾಡ. ನಿನ್ ಕೈಯಾರ ಅವರ ಬೆಳ್ಳು ತೊಳೆದು, ನಿನ್ ಪಾದದತ್ರ ನೆಮ್ಮದಿಯಾಗಿ ಕೂರಿಸ್ಕೊ, ತಂದೆ."